ಮೆಟ್ಟಿಲ ಕೆಳಗಿನ ಕುದುರೆ ಲಾಯ

ಕಳೆದ ವರ್ಷದ ದಸರೆಯಲ್ಲಿ ಪಕ್ಕದ ಮನೆಯ ಅಜ್ಜಿ ನಮ್ಮ ಗೊಂಬೆ ನೋಡಲು ಬಂದ ದಿನ, ಐದನೆಯ ಮೆಟ್ಟಿಲ ಮೇಲೆ ಅವರಿಗಾಗಿಯೇ ಮಾಡಿಟ್ಟಿದ್ದ ಗೊಂಬೆಗಳನ್ನು ನಾನು ಇರಗೊಡಲಿಲ್ಲ. ಅವು ಅಲ್ಲಿರುತ್ತವೆ ಎಂದು ನನ್ನ ತಂಗಿ ಅವರಿಗೆ ಮಾತು ಕೊಟ್ಟಿದ್ದಳು. ಆ ಮಾತು ಉಳಿಸಲು ನಾನು ಮಾಡಬೇಕಾಗಿದ್ದುದು ಏನೂ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಅಷ್ಟೂ ನನ್ನಿಂದ ಆಗಲಿಲ್ಲ.

ನಾನು ಓದಿದ್ದು ಎಂಟನೇ ತರಗತಿಯವರೆಗೆ. ಅದರಲ್ಲೂ ಎಂಟನೆಯದನ್ನು ಎರಡು ಸಲ ಓದಿದೆ. ಆಮೇಲೆ ಮೈಸೂರಿನಲ್ಲಿ ಮದುವೆ ಮಂಟಪ ಕಟ್ಟಿಸುವ ಕಂಟ್ರಾಕ್ಟರೊಬ್ಬರ ಹತ್ತಿರ ಸೇರಿಕೊಂಡೆ. ಕಾದ ತಂತಿಯಿಂದ ಥರ್ಮಾಕೋಲ್ ಕೊರೆದು ನವಿಲು, ಆನೆ, ಅರಮನೆಯ ಕಮಾನು ಮಾಡುವುದು ನನ್ನ ಕೆಲಸ. ತಂಗಿ ಓದಿದಳು, ಅಮೆರಿಕಕ್ಕೆ ಬಂದಳು, ಫಾಸ್ಟರ್ ಸಿಟಿಯಲ್ಲಿ ಕೆಲಸ ಹಿಡಿದಳು, ಇಲ್ಲಿಯ ಪ್ರಜೆಯಾದಳು. ಪ್ರಜೆಯಾದವರು ಒಡಹುಟ್ಟಿದವರನ್ನು ಕರೆಸಿಕೊಳ್ಳಬಹುದು ಎಂದು ಅರ್ಜಿ ಹಾಕಿದಳು. ಅರ್ಜಿ ಹಾಕಿದಾಗ ನನ್ನ ತಲೆ ಕಪ್ಪಗಿತ್ತು. ವೀಸಾ ಕೈಗೆ ಬರುವ ಹೊತ್ತಿಗೆ ಪೂರ್ತಿ ನರೆತಿತ್ತು; ಏರ್‌ಪೋರ್ಟಿನಲ್ಲಿ ಅವಳೇ ನನ್ನ ಗುರುತು ಹಿಡಿಯದೆ ಇನ್ನೊಬ್ಬರ ಕಡೆ ಕೈ ಬೀಸಿದಳು. ಈಗ ಸ್ಯಾನ್ ಮಟಿಯೋದಲ್ಲಿ ಅವಳ ಮನೆಯ ಗ್ಯಾರೇಜಿನ ಪಕ್ಕದ ರೂಮಿನಲ್ಲಿದ್ದೇನೆ. ನಮ್ಮವರ ಗ್ರೋಸರಿ ಅಂಗಡಿಯೊಂದರಲ್ಲಿ ತರಕಾರಿ ನೋಡಿಕೊಳ್ಳುತ್ತೇನೆ. ಬೆಂಡೆಕಾಯಿಯ ತುದಿ ಮುರಿದು ನೋಡಬೇಡಿ ಎಂದು ಇಂಜಿನಿಯರುಗಳಿಗೆ ಹೇಳುವುದು ಅದರಲ್ಲಿ ಮುಖ್ಯವಾದ ಭಾಗ.

ದಸರೆಗೆ ಗೊಂಬೆ ಕೂರಿಸುವುದನ್ನು ತಂಗಿ ಬಿಟ್ಟಿಲ್ಲ. ನಮ್ಮ ಮನೆಯ ರಾಜ ರಾಣಿಯ ಪಟ್ಟದ ಗೊಂಬೆಗಳು ಅವಳ ಹ್ಯಾಂಡ್ ಬ್ಯಾಗಿನಲ್ಲಿ ಕೂತು ಸಮುದ್ರ ದಾಟಿದವು. ಇಲ್ಲಿಯ ಮೈಸೂರಿನ ಮನೆಗಳಲ್ಲಿ ಪ್ರತಿ ವರ್ಷ ಒಂದೊಂದು ಕತೆ ಹಿಡಿದು ಮೆಟ್ಟಿಲು ತುಂಬಿಸುವ ಹುಚ್ಚಿದೆ. ಬಾಯಲ್ಲಿ ಯಾರೂ ಒಪ್ಪದ ಸ್ಪರ್ಧೆಯೂ ಇದೆ. ಎರಡು ವರ್ಷ ನಾನು ಕೊರೆದು ಕೊಟ್ಟ ಚಾಮುಂಡಿ ಬೆಟ್ಟ, ಜಂಬೂ ಸವಾರಿ ನೋಡಿ ತಂಗಿಯ ಗೆಳತಿಯರು ಬೆರಗಾಗಿದ್ದರು.

ಕಳೆದ ವರ್ಷ ತಂಗಿಯ ಮಗಳು, ನನ್ನ ಸೋದರಸೊಸೆ, ಎಂಟನೇ ಕ್ಲಾಸು. ಅಮೆರಿಕದ ಇತಿಹಾಸ ಅವಳಿಗೆ ಪಾಠ. ಸಂಜೆ ಅಡುಗೆಮನೆಯ ಮೇಜಿನ ಮೇಲೆ ಅವಳು ಗಟ್ಟಿಯಾಗಿ ಓದುವಾಗ ನಾನು ಸೊಪ್ಪು ಬಿಡಿಸುತ್ತ ಎದುರಿಗೆ ಕೂರುತ್ತಿದ್ದೆ. ಒಂದು ರೀತಿಯಲ್ಲಿ ಎಂಟನೇ ಕ್ಲಾಸಿಗೆ ಮೂರನೆಯ ಸಲ ಕೂತ ಹಾಗಾಯಿತು. ಅರ್ಥವಾಗದ್ದನ್ನು ಕೇಳುತ್ತಿದ್ದೆ. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಬರುವುದು ಮಾತ್ರ ಇಂಗ್ಲಿಷಿನಲ್ಲಿ.

"ಟರ್ನಿಂಗ್ ಪಾಯಿಂಟ್ ಅಂತ ಹತ್ತು ಸಲ ಓದಿದೆಯಲ್ಲ, ಹಂಗಂದ್ರೇನು?"

"ಲೈಕ್... ಆಫ್ಟರ್ ದಟ್ ಎವೆರಿಥಿಂಗ್ ಈಸ್ ಡಿಫರೆಂಟ್, ಮಾಮ."

"ಅದು ಆಗ್ತಾ ಇರೋವಾಗ್ಲೇ ಜನಕ್ಕೆ ಗೊತ್ತಾಗುತ್ತಾ?"

ಅವಳು ಪೆನ್ಸಿಲ್ ಕಚ್ಚಿ ಯೋಚಿಸಿದಳು. "ಐ ಡೋಂಟ್ ಥಿಂಕ್ ಸೋ."

ಒಲೆಯ ಮುಂದಿದ್ದ ತಂಗಿ ಸೌಟು ಹಿಡಿದೇ ತಿರುಗಿದಳು. "ಅಣ್ಣ, ಈ ಸಲದ ಗೊಂಬೆಗೆ ಇದನ್ನೇ ಮಾಡೋಣ್ವಾ? ಈ ದೇಶ ತಿರುಗಿದ ತಿರುವುಗಳು."

ಏಳು ಮೆಟ್ಟಿಲು. ಮೇಲಿನದರಲ್ಲಿ ಕಲಶ, ಪಟ್ಟದ ಗೊಂಬೆ. ಕೆಳಗಿನದರಲ್ಲಿ ಶೆಟ್ಟಿ, ಶೆಟ್ಟಮ್ಮ, ಅವರ ಅಂಗಡಿಯ ಅಕ್ಕಿ ಬೇಳೆ; ಅವರನ್ನು ಎತ್ತುವ ಹಾಗಿಲ್ಲ. ನಡುವೆ ಉಳಿದ ಐದರಲ್ಲಿ ಐದು ತಿರುವು. ಯಾವ ಐದು ಎಂದು ಮನೆಯಲ್ಲಿ ಜಗಳವೇ ಆಯಿತು. ತಂಗಿಯ ಗಂಡ ಚಂದ್ರನ ಮೇಲೆ ಇಳಿದದ್ದು ಬೇಕೇ ಬೇಕು ಎಂದು ಕೂತರು.

"ಚಂದ್ರ ಬೇಡ ರೀ, ಫ್ರೀಮಾಂಟಿನವರು ಹೋದ ವರ್ಷ ಮಾಡಿಬಿಟ್ರು," ಎಂದಳು ತಂಗಿ.

"ಅವರು ಮಾಡಿದ್ದು ಇಂಡಿಯಾದ ಚಂದ್ರ ಕಣೇ!"

"ಚಂದ್ರ ಒಂದೇ ಅಲ್ವಾ?"

ಚಂದ್ರ ಬಿದ್ದುಹೋಯಿತು.

ಎರಡನೆಯ ಮೆಟ್ಟಿಲಿಗೆ, ಬಾಸ್ಟನ್ ಬಂದರಿನಲ್ಲಿ ಇಂಗ್ಲಿಷರ ತೆರಿಗೆಗೆ ಸಿಟ್ಟಾದ ಜನ ಹಡಗು ಹತ್ತಿ ಟೀ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದದ್ದು. ಯಾರ ಟೀ, ನಮ್ಮ ಕಡೆಯದೇ ಎಂದು ಕೇಳಿದೆ. ಸೊಸೆ ಹುಡುಕಿ, ಟೀ ಚೀನಾದ್ದು, ಅದನ್ನು ಮಾರಲು ಕಳಿಸಿದ್ದು ಈಸ್ಟ್ ಇಂಡಿಯಾ ಕಂಪನಿ ಎಂದಳು. ನನ್ನ ಕೈಯಲ್ಲಿದ್ದ ಸೊಪ್ಪು ಹಾಗೇ ನಿಂತಿತು. ಶ್ರೀರಂಗಪಟ್ಟಣದ ಕೋಟೆ ಒಡೆದ ಕಂಪನಿ! ಇನ್ನೂ ಕೆದಕಿದಾಗ, ಇಲ್ಲಿಯ ಸ್ವಾತಂತ್ರ್ಯ ಯುದ್ಧದಲ್ಲಿ ಸೋತು ಶರಣಾದ ಇಂಗ್ಲಿಷ್ ಜನರಲ್ಲನೇ ಆಮೇಲೆ ನಮ್ಮ ಕಡೆ ಬಂದು, ಸುಲ್ತಾನನ ಇಬ್ಬರು ಪುಟ್ಟ ಗಂಡುಮಕ್ಕಳನ್ನು ಒತ್ತೆ ಇಟ್ಟುಕೊಂಡವನು ಎಂದು ತಿಳಿಯಿತು. ಸ್ಕೂಲಿನಿಂದ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿದ್ದಾಗ ಆ ಮಕ್ಕಳ ಚಿತ್ರದ ಮುಂದೆ ನಾನು ನಿಂತಿದ್ದೆ. ಪೇಟ ತೊಟ್ಟು, ದೊಡ್ಡವರ ಕೈ ಹಿಡಿದು, ಎಲ್ಲಿಗೆ ಹೋಗುತ್ತಿದ್ದೇವೆಂದು ಗೊತ್ತಿಲ್ಲದ ಮುಖದ ಹುಡುಗರು. ಪರದೇಶದ ಪಾಠದಲ್ಲಿ ಊರಿನವರು ಎದುರಾದ ಹಾಗಾಯಿತು. ಅವತ್ತಿನಿಂದ ಈ ಇತಿಹಾಸ ನನಗೆ ಬೇರೆಯವರದ್ದು ಎನಿಸಲಿಲ್ಲ. ಟೀ ಪೆಟ್ಟಿಗೆಗಳಿಗೆ ನಿಜವಾದ ಟೀ ಪುಡಿಯನ್ನೇ ತುಂಬಿದೆ.

ಮೂರನೆಯದರಲ್ಲಿ, ಗುಲಾಮರ ಬಿಡುಗಡೆಗೆ ಕಾರಣವಾದ ಯುದ್ಧ. ಸಂಕೋಲೆ ತೋರಿಸಬೇಕೇ ಬೇಡವೇ ಎಂದು ನನಗೂ ತಂಗಿಗೂ ಅನುಮಾನವಿತ್ತು. "ಯು ಹ್ಯಾವ್ ಟು," ಎಂದಳು ಸೊಸೆ, ಅದರಲ್ಲಿ ಚರ್ಚೆಗೆ ಏನೂ ಇಲ್ಲವೆಂಬಂತೆ. ಅವಳದೇ ಹಳೆಯ ಕಾಲ್ಗೆಜ್ಜೆಯ ಸರಪಳಿ ತಂದುಕೊಟ್ಟಳು. ಅದನ್ನು ನಡುವೆ ಕತ್ತರಿಸಿ ಇಟ್ಟೆ. ನಾಲ್ಕನೆಯದರಲ್ಲಿ, ಪೂರ್ವದಿಂದಲೂ ಪಶ್ಚಿಮದಿಂದಲೂ ಹಾಕಿಕೊಂಡು ಬಂದ ರೈಲು ಹಳಿ ಒಂದಾದದ್ದು. ಅದರ ಫೋಟೋ ಅವಳ ಪುಸ್ತಕದಲ್ಲಿತ್ತು. ಬೆಟ್ಟ ಒಡೆದು ಹಳಿ ಹಾಕಿದ ಚೀನಾದವರನ್ನು ಅದರಲ್ಲಿ ಎಷ್ಟು ಹುಡುಕಿದರೂ ಕಾಣಲಿಲ್ಲ. ಮದುವೆ ಆಲ್ಬಮ್ಮಿನಲ್ಲಿ ಮಂಟಪ ಕಟ್ಟಿದವರು ಕಾಣುತ್ತಾರೆಯೇ ಎಂದುಕೊಂಡೆ. ನನ್ನ ಮೆಟ್ಟಿಲ ಮೇಲೆ ಅವರನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿದೆ. ಆರನೆಯದರಲ್ಲಿ ವಿಮಾನ. ಬೇರೆ ದೇಶದವರು ಬರಲು, ಬಂದವರು ಅಣ್ಣ ತಮ್ಮ ಅಕ್ಕ ತಂಗಿಯರನ್ನು ಕರೆಸಿಕೊಳ್ಳಲು ದಾರಿ ಬಿಟ್ಟ, ಅರವತ್ತರ ದಶಕದ ಕಾನೂನು. ವಿಮಾನದ ಮೆಟ್ಟಿಲಿನಲ್ಲಿ ಮಂಕಿ ಕ್ಯಾಪು ಹಾಕಿ ಸೂಟ್‌ಕೇಸ್ ಹಿಡಿದ ಒಬ್ಬನನ್ನು ಇಳಿಸಿದೆ. ಸೊಸೆ ನೋಡಿದವಳೇ ನಕ್ಕಳು. "ಮಾಮ, ದಟ್ಸ್ ಯು!"

ಉಳಿದದ್ದು ಐದನೆಯದು.

ಪಕ್ಕದ ಮನೆಯ ಅಜ್ಜಿ ಎಂಬತ್ತು ದಾಟಿದವರು. ಜಪಾನಿ ಮೂಲ, ಆದರೆ ಹುಟ್ಟಿದ್ದು ಇದೇ ಸ್ಯಾನ್ ಮಟಿಯೋದಲ್ಲಿ. ತಂಗಿಯ ಮಗಳು ಕೈಗೂಸಾಗಿದ್ದಾಗ, ಡೇಕೇರಿನಲ್ಲಿ ಜಾಗ ಸಿಗುವವರೆಗೂ ಮಗುವನ್ನು ನೋಡಿಕೊಂಡವರು ಅವರೇ. ಈಗಲೂ ಅವರ ಹಿತ್ತಿಲ ಪರ್ಸಿಮನ್ ಹಣ್ಣು ನಮ್ಮ ಮನೆಗೆ ಬರುತ್ತದೆ, ನಮ್ಮ ಚಟ್ನಿಪುಡಿ ಅವರ ಮನೆಗೆ ಹೋಗುತ್ತದೆ. ತಂಗಿಗೆ ಈ ಊರಿನಲ್ಲಿ ತಾಯಿಯ ಸ್ಥಾನದಲ್ಲಿರುವವರು ಯಾರು ಎಂದರೆ ಅವರೊಬ್ಬರೇ.

ಎರಡನೇ ಮಹಾಯುದ್ಧದಲ್ಲಿ ಜಪಾನು ಅಮೆರಿಕದ ಮೇಲೆ ಬಾಂಬು ಹಾಕಿದ ಮೇಲೆ, ಈ ಪಶ್ಚಿಮ ಕರಾವಳಿಯಲ್ಲಿದ್ದ ಜಪಾನಿ ಮೂಲದವರನ್ನೆಲ್ಲ, ಇಲ್ಲೇ ಹುಟ್ಟಿದ ಮಕ್ಕಳನ್ನೂ ಸೇರಿಸಿ, ಶತ್ರುಗಳ ಕಡೆಯವರಿರಬಹುದೆಂಬ ಅನುಮಾನದಿಂದ ಸರ್ಕಾರ ಮನೆ ಬಿಡಿಸಿ ಕರೆದೊಯ್ದಿತ್ತು. ಕೈಯಲ್ಲಿ ಹಿಡಿಯುವಷ್ಟು ಸಾಮಾನು, ಕೋಟಿಗೆ ಕಟ್ಟಿದ ನಂಬರಿನ ಚೀಟಿ. ಈ ಸುತ್ತಿನವರನ್ನು ಮೊದಲು ಇಟ್ಟದ್ದು ಸ್ಯಾನ್ ಬ್ರೂನೋದ ಕುದುರೆ ರೇಸಿನ ಮೈದಾನದಲ್ಲಿ, ಕುದುರೆ ಕಟ್ಟುವ ಲಾಯಗಳಲ್ಲಿ. ಆಮೇಲೆ ರೈಲಿನಲ್ಲಿ ದೂರದ ಮರುಭೂಮಿಯ ಕ್ಯಾಂಪಿಗೆ. ಆ ಮೈದಾನ ನಮ್ಮ ಮನೆಯಿಂದ ಫ್ರೀವೇ ಹಿಡಿದರೆ ಸ್ವಲ್ಪವೇ ದೂರ. ಮುಂದೆ ಅಲ್ಲಿ ಶಾಪಿಂಗ್ ಮಾಲು ಬಂತು. ಈ ದೇಶದಲ್ಲಿ ನನ್ನ ಮೊದಲ ಶೂ ಕೊಂಡದ್ದು ಅಲ್ಲೇ. ಆಗ ನನಗೆ ಇದೊಂದೂ ಗೊತ್ತಿರಲಿಲ್ಲ.

ಅಜ್ಜಿ ಆಗ ತೀರ ಚಿಕ್ಕವರು. ಅವರ ಮನೆಯ ಮುಂದಿನ ಮೆಟ್ಟಿಲಲ್ಲಿ ಕೂತು, ತಂಗಿಯನ್ನು ನಡುವೆ ಇಟ್ಟುಕೊಂಡು ನಾನು ಕೇಳಿದ್ದು ಕೆಲಸದವನ ಪ್ರಶ್ನೆಗಳನ್ನು. ಲಾಯ ಎಷ್ಟು ಅಗಲ, ಗೋಡೆಗೆ ಯಾವ ಬಣ್ಣ, ಬಾಗಿಲು ಹೇಗಿತ್ತು. ಅಜ್ಜಿ ನಕ್ಕುಬಿಟ್ಟರು. ಎಷ್ಟೋ ಜನ ಬಂದು ದುಃಖವಾಯಿತೇ ಎಂದು ಕೇಳಿದ್ದಾರೆ, ಅಳತೆ ಯಾರೂ ಕೇಳಿರಲಿಲ್ಲವಂತೆ. ಗೋಡೆಗೆ ಸುಣ್ಣ, ಸುಣ್ಣದ ಒಳಗೇ ಸಿಕ್ಕಿಕೊಂಡ ಹುಲ್ಲು. ಬಾಗಿಲು ಎರಡು ತುಂಡು. ಕೆಳಗಿನದು ಮುಚ್ಚಿ ಮೇಲಿನದು ತೆಗೆದರೆ ಅವರಿಗೆ ಕಾಣುತ್ತಿದ್ದದ್ದು ಆಕಾಶ ಮಾತ್ರ. ಕುದುರೆಗಳು ಎಲ್ಲಿ ಹೋದವು ಎಂದು ತಮ್ಮ ಅಣ್ಣನನ್ನು ಕೇಳಿದರೆ, ಸಮುದ್ರ ನೋಡೋಕೆ ಹೋಗಿವೆ, ಭಾನುವಾರ ಬರುತ್ತವೆ ಎಂದನಂತೆ. ಅವರು ಪ್ರತಿ ಭಾನುವಾರ ಕಾದರಂತೆ.

ನನಗೆ ಇನ್ನೊಂದು ಕುತೂಹಲವಿತ್ತು. "ಇವರನ್ನ ಕರ್ಕೊಂಡು ಹೋಗೋವಾಗ ಅಕ್ಕಪಕ್ಕದವರು ಏನ್ಮಾಡ್ತಿದ್ರು, ಕೇಳು."

"ಅಣ್ಣ, ಅದೆಲ್ಲ ಕೇಳ್ಬಾರ್ದು."

"ಕೇಳು, ಪರವಾಗಿಲ್ಲ."

ಅಜ್ಜಿ ಹೇಳಿದ್ದನ್ನು ತಂಗಿ ಮೆಲ್ಲಗೆ ಕನ್ನಡಕ್ಕೆ ತಂದಳು. ಒಬ್ಬರು ಅವರ ಬೆಕ್ಕನ್ನು ಇಟ್ಟುಕೊಂಡರು. ಒಬ್ಬರು ಒಲೆಯನ್ನು ಅಗ್ಗಕ್ಕೆ ಕೊಂಡರು. ಮಿಕ್ಕವರು ಮನೆಯೊಳಗೆ ಹೋದರು.

ಏಳುವ ಮೊದಲು ತಂಗಿ ಅವರ ಕೈ ಹಿಡಿದು, ಈ ಸಲ ನಮ್ಮ ಗೊಂಬೆಯ ಮೆಟ್ಟಿಲ ಮೇಲೆ ನಿಮ್ಮ ಕತೆಯೂ ಇರುತ್ತದೆ, ಭಾನುವಾರ ಮಧ್ಯಾಹ್ನ ನೀವು ಬರಲೇಬೇಕು ಎಂದಳು. ಏನು ಉಟ್ಟುಕೊಂಡು ಬರಬೇಕು ಎಂದು ಅಜ್ಜಿ ಕೇಳಿದರು.

ಲಾಯವನ್ನು ನಾನು ಜೀವ ಇಟ್ಟು ಮಾಡಿದೆ. ಸುಣ್ಣ ಬಳಿದ ಗೋಡೆ, ಅದಕ್ಕೆ ಮೊಲಗಳಿಗೆಂದು ಮಾರುವ ಒಣಹುಲ್ಲಿನ ಎಳೆ, ಬಟ್ಟೆಯ ಕೀಲಿನ ಎರಡು ತುಂಡಿನ ಬಾಗಿಲು. ಒಳಗೆ ಗಂಟು ಹಿಡಿದ ತಾಯಿ, ಬಾಗಿಲಲ್ಲಿ ಕೋಟು ತೊಟ್ಟು ಚೀಟಿ ಕಟ್ಟಿಕೊಂಡ ಒಬ್ಬ ಹುಡುಗ, ಒಬ್ಬಳು ಹುಡುಗಿ.

ಶನಿವಾರ ಸಂಜೆ ನಮ್ಮವರಿಗೆ ಅರಿಶಿನ ಕುಂಕುಮ. ಮನೆ ತುಂಬ ಜನ, ಗೊಂಬೆಗಳ ಕಡೆ ಕೈ ಚಾಚುತ್ತ ತೆವಳುವ ಒಂದು ಸಣ್ಣ ಮಗುವೂ ಇತ್ತು. ಬಂದವರಲ್ಲಿ ಧಾರವಾಡದ ಕಡೆಯ ಒಬ್ಬ ಹಿರಿಯ ಹೆಂಗಸು, ಡಾಕ್ಟರೊಬ್ಬರ ತಾಯಿ, ಐದನೆಯ ಮೆಟ್ಟಿಲ ಮುಂದೆ ನಿಂತುಬಿಟ್ಟರು.

"ಇದೇನ್ರೀ ಇದು, ಕೂಸುಗಳನ್ನ ಕುದುರಿ ಲಾಯದಾಗ ನಿಂದ್ರಿಸೀರಿ? ಹಬ್ಬದ ಮನಿಯೊಳಗ ಇಂಥಾದ್ದು ಇಡಬಾರದ್ರಿ."

ತಂಗಿ ಕತೆ ಹೇಳಿದಳು. ಆಕೆ ಕೊನೆಯವರೆಗೂ ಕೇಳಿದರು. "ಇಲ್ಲೇ ಹುಟ್ಟಿದ ಕೂಸುಗಳನ್ನ? ಯವ್ವಾ!" ಎಂದು ಒಂದು ಹಿಡಿ ಅಕ್ಷತೆ ತೆಗೆದು, ಪಟ್ಟದ ಗೊಂಬೆಗಿಂತ ಮೊದಲು ಆ ಇಬ್ಬರು ಮಕ್ಕಳ ಮೇಲೆ ಹಾಕಿದರು. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಆಮೇಲೆ ಎಷ್ಟೋ ತಿಂಗಳು ನಾನು ನನಗೇ ಹೇಳಿಕೊಂಡ ಸಬೂಬು ಅವರ ಮೊದಲ ಮಾತು. ಅಮಂಗಳವಂತೆ, ಅದಕ್ಕೇ ತೆಗೆದೆ ಎಂದು. ಅವರ ಎರಡನೆಯ ಮಾತನ್ನು ನೆನಪಿನಿಂದ ದೂರ ಇಟ್ಟಿದ್ದೆ.

ನಿಜವಾದ ಕಾರಣ ಚಪ್ಪಲಿ ಗೂಡಿನ ಹತ್ತಿರ ಸಿಕ್ಕಿತು. ಹೊರಟಿದ್ದ ಒಬ್ಬರು ಶೂ ಹಾಕಿಕೊಳ್ಳುತ್ತ ನನ್ನನ್ನು ಪಕ್ಕಕ್ಕೆ ಕರೆದರು. ಒಳ್ಳೆಯ ಮನುಷ್ಯ, ಅಂಗಡಿಗೂ ಬರುವವರು.

"ಸಾರ್, ನೀವು ಸಿಟಿಜನ್ ಆಗಿಲ್ಲ, ಇನ್ನೂ ಗ್ರೀನ್ ಕಾರ್ಡಲ್ವಾ?"

"ಹೌದು."

"ವರ್ಕು ಸೂಪರ್ ಸಾರ್. ಆದ್ರೆ ಆ ಕ್ಯಾಂಪಿಂದು... ಹೊರಗಿನಿಂದ ಬಂದೋರಿಗೆ ಈಗಿನ ಟೈಮು ಹೇಗಿದೆ ನೋಡ್ತಿದೀರಲ್ಲ. ಎಲ್ಲಾರೂ ಫೋಟೋ ತೆಗೆದು ಹಾಕ್ತಿದಾರೆ, ಮಾಡಿದೋರು ನೀವು ಅಂತ ಬೇರೆ ಬರೀತಿದಾರೆ. ನಿಮಗ್ಯಾಕೆ ಬೇಕು? ನಾಳೆ ಏರ್‌ಪೋರ್ಟಲ್ಲಿ ನಿಲ್ಲಿಸಿಕೊಂಡು ವಾಪಸ್ ಕಳಿಸಿದ್ರೆ?"

ಅವರು ಬೆನ್ನು ತಟ್ಟಿ ಹೋದರು. ಆ ಮಾತು ಮಾತ್ರ ನನ್ನೊಳಗೆ ಉಳಿಯಿತು. ಕುದುರೆ ಲಾಯದ ಬಗ್ಗೆ ಅಷ್ಟೆಲ್ಲ ಕೇಳಿದವನು ನಾನು. ಅಂಥ ಹೆದರಿಕೆ ಹೇಗಿರುತ್ತದೆ ಎಂದು ಕೇಳುವುದನ್ನೇ ಮರೆತಿದ್ದೆ. ಈಗ ಕೇಳದೆಯೇ ಗೊತ್ತಾಯಿತು.

ಭಾನುವಾರ ಬೆಳಿಗ್ಗೆ ಎಲ್ಲರೂ ಏಳುವ ಮೊದಲು ಸ್ನಾನ ಮಾಡಿ, ದೀಪ ಹಚ್ಚಿ, ಲಾಯವನ್ನು ಎರಡು ಕೈಯಲ್ಲಿ ಎತ್ತಿದೆ. ಅಂಗಡಿಯಿಂದ ತಂದ ಬಾಳೆಹಣ್ಣಿನ ಪೆಟ್ಟಿಗೆಯೊಳಗೆ ಅದು ಸರಿಯಾಗಿ ಕೂತಿತು. ಗೊಂಬೆ ಮೆಟ್ಟಿಲ ಕೆಳಗೆ ಟೊಳ್ಳಿರುತ್ತದೆ, ಮುಂದೆ ಬಿಳಿ ಪಂಚೆ ಇಳಿಬಿಟ್ಟಿರುತ್ತೇವೆ. ಪಂಚೆ ಎತ್ತಿ ಪೆಟ್ಟಿಗೆಯನ್ನು ಒಳಗೆ ತಳ್ಳಿದೆ. ಖಾಲಿ ಜಾಗಕ್ಕೆ ಒಂದು ತಟ್ಟೆ ಸೇವಂತಿಗೆ ಇಟ್ಟೆ.

ತಂಗಿ ಎದ್ದು ಬಂದು ನೋಡಿದಳು. "ಅಣ್ಣ, ಲಾಯ ಎಲ್ಲಿ?"

"ನಿನ್ನೆ ಬಂದಿತ್ತಲ್ಲ ಆ ಸಣ್ಣ ಮಗು, ಎಳೆದು ಬೀಳಿಸಿಬಿಡ್ತು."

"ಮುರಿದಿದ್ರೆ ಅಂಟು ಹಾಕ್ಬಹುದಿತ್ತಲ್ಲ?"

"ಪುಡಿಪುಡಿ ಆಗಿತ್ತು. ಬಿಸಾಕಿದೆ."

"ಇವತ್ತು ಅವರು ಬರ್ತಾರಲ್ಲೋ ಅಣ್ಣ!" ಎಂದು ಅವಳು ನೆಲದ ಮೇಲೆ ಕೂತುಬಿಟ್ಟಳು. ಮಧ್ಯಾಹ್ನದೊಳಗೆ ಇನ್ನೊಂದು ಮಾಡಲು ಆಗುತ್ತದೆಯೇ ಎಂದು ಕೇಳಿದಳು. ಆಗುವುದಿಲ್ಲ ಎಂದೆ.

ಅಜ್ಜಿ ಇಸ್ತ್ರಿ ಮಾಡಿದ ನೀಲಿ ಕೋಟು ತೊಟ್ಟು ಬಂದರು. ತಂಗಿ ಬಾಗಿಲಲ್ಲೇ ವಿಷಯ ಹೇಳಿದಳು. ಮಕ್ಕಳು ಮಕ್ಕಳೇ ಅಲ್ಲವೇ ಎಂಬಂತೆ ಅಜ್ಜಿ ಕೈ ಆಡಿಸಿ ನಕ್ಕರು. ತಂಗಿ ಅವರಿಗೆ ಕುರ್ಚಿಯನ್ನು ಮೆಟ್ಟಿಲ ಮುಂದೆ ಹಾಕಿದಳು. ಅವರ ಕಾಲಿನ ಬೆರಳಿಗೂ ಪಂಚೆಗೂ ಒಂದು ಮೊಳ ಅಂತರವಿತ್ತೋ ಇಲ್ಲವೋ. ಕಾಫಿ ಮಾಡುತ್ತೇನೆಂದು ನಾನು ಅಡುಗೆಮನೆಯೊಳಗೆ ಹೋದೆ. ಡಿಕಾಕ್ಷನ್ ಆಗಲೇ ಇಳಿದಿತ್ತು, ಹಾಲೂ ಕಾದಿತ್ತು. ಆದರೂ ಅಲ್ಲೇ ನಿಂತೆ.

ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಅಜ್ಜಿ ಟೀ ಪೆಟ್ಟಿಗೆ ನೋಡಿದರು, ಮುಂದಿನ ಸಾಲಿನ ಚೀನಾದವರನ್ನು ನೋಡಿ ತಲೆದೂಗಿದರು, ಮಂಕಿ ಕ್ಯಾಪಿನವನನ್ನು ನೋಡಿ ನಕ್ಕರು. ಸೇವಂತಿಗೆಯ ತಟ್ಟೆಯನ್ನೂ ಅಷ್ಟೇ ಹೊತ್ತು ನೋಡಿದರು. ಆಮೇಲೆ ಪರ್ಸಿನಿಂದ ಹತ್ತಿಯಲ್ಲಿ ಸುತ್ತಿದ ಏನನ್ನೋ ತೆಗೆದು ತಂಗಿಗೆ ತೋರಿಸಿದರು. ಸಣ್ಣ ಸಣ್ಣ ಚಿಪ್ಪುಗಳನ್ನು ಹೂವಿನ ಹಾಗೆ ಜೋಡಿಸಿದ, ಕೋಟಿಗೆ ಚುಚ್ಚಿಕೊಳ್ಳುವ ಒಂದು ಬ್ರೋಚು. ಮರುಭೂಮಿಯ ಕ್ಯಾಂಪಿನಲ್ಲಿ ಹಿಂದೆಂದೋ ಕೆರೆಯಿದ್ದ ಮಣ್ಣನ್ನು ಜರಡಿ ಹಿಡಿದು, ಅವರ ಅಮ್ಮ ಆರಿಸಿದ ಚಿಪ್ಪು. ಇವತ್ತೊಂದು ದಿನ ಆ ಮಕ್ಕಳ ಪಕ್ಕದಲ್ಲಿ ಇರಲಿ ಎಂದು ತಂದಿದ್ದರು. ತಂಗಿ ಪಟ್ಟದ ಗೊಂಬೆಯ ಪಕ್ಕ ಇಡೋಣ ಎಂದಳು. ಅಜ್ಜಿ ಬೇಡ ಎಂದು ಮೆತ್ತಗೆ ಹೇಳಿ, ಮತ್ತೆ ಹತ್ತಿಯಲ್ಲಿ ಸುತ್ತಿ, ಪರ್ಸಿನೊಳಗೆ ಇಟ್ಟುಕೊಂಡರು.

ಕಾಫಿ ತಣ್ಣಗಾಗಿತ್ತು. ಅದನ್ನೇ ತೆಗೆದುಕೊಂಡು ಹೋಗಿ ಕೊಟ್ಟೆ. ಅಜ್ಜಿ ಪೂರ್ತಿ ಕುಡಿದರು.

ವಿಜಯದಶಮಿಯ ಸಂಜೆ ಒಂದು ಗೊಂಬೆಯನ್ನು ಮಲಗಿಸಿ ಹಬ್ಬ ಮುಗಿಸುತ್ತೇವೆ. ತಂಗಿ ಶೆಟ್ಟಮ್ಮನನ್ನು ಮಲಗಿಸಿದಳು. ಮಾರನೆಯ ದಿನ ನಾನೇ ಮುಂದೆ ಬಿದ್ದು ಎಲ್ಲವನ್ನೂ ಕಟ್ಟಿದೆ. ಬಾಳೆಹಣ್ಣಿನ ಪೆಟ್ಟಿಗೆ ಗ್ಯಾರೇಜಿನಲ್ಲಿ ಹಳೇ ಟೈರುಗಳ ಹಿಂದೆ ಹೋಯಿತು. ಅಷ್ಟರಲ್ಲಿ ಆ ಮಗುವಿನ ತಾಯಿಗೆ ಸುದ್ದಿ ಮುಟ್ಟಿ, ಆಕೆ ಕ್ಷಮೆ ಕೇಳಿ ಒಂದು ಡಬ್ಬಿ ಮೈಸೂರುಪಾಕು ಕಳಿಸಿದರು. ಅದನ್ನು ತಿಂದವನೂ ನಾನೇ. ಬೇಡವೆಂದರೆ ಯಾಕೆ ಎಂದು ಕೇಳುತ್ತಿದ್ದರಲ್ಲ.

ಅಜ್ಜಿ ಮುನಿಸಿಕೊಳ್ಳಲಿಲ್ಲ. ಪರ್ಸಿಮನ್ ಹಣ್ಣು ಎಂದಿನಂತೆ ಬಂತು. ಬದಲಾದದ್ದು ತಂಗಿ. ಮೊದಲು ಬೇಲಿಯ ಹತ್ತಿರ ನಿಂತು ಗಂಟೆಗಟ್ಟಲೆ ಮಾತಾಡುತ್ತಿದ್ದವಳು ಈಗ ಚಟ್ನಿಪುಡಿಯನ್ನು ಮಗಳ ಕೈಯಲ್ಲಿ ಕಳಿಸತೊಡಗಿದಳು. "ಅವರ ಮುಂದೆ ನಿಂತ್ರೆ ಆ ಬ್ರೋಚು ನೆನಪಾಗುತ್ತೆ ಅಣ್ಣ," ಎಂದಳು ಒಮ್ಮೆ. ನಮ್ಮ ಮನೆಯಲ್ಲಿ ಅಣ್ಣನಾದವನು ತಂಗಿಗೆ ತಪ್ಪಾಯ್ತು ಎನ್ನುವ ರೂಢಿಯಿಲ್ಲ. ಜಗಳವಾದ ಮರುದಿನ ಅವಳಿಗೆ ಇಷ್ಟವಾದದ್ದನ್ನು ತಂದು ಎದುರಿಗಿಡುತ್ತೇವೆ, ಅಲ್ಲಿಗೆ ಮುಗಿಯಿತು. ವರ್ಷವಿಡೀ ನಾನು ಅಂಗಡಿಯಿಂದ ಎಳೆಯ ಬೆಂಡೆಕಾಯಿ ಆರಿಸಿ ತಂದೆ. "ಎಷ್ಟೂಂತ ಹುಳಿ ಮಾಡ್ಲಿ, ಸಾಕು ಮಾಡೋ ಮಾರಾಯ," ಎಂದು ಅವಳು ನಗುತ್ತಿದ್ದಳು.

ಈ ವರ್ಷ ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ, ಗೊಂಬೆಗೆ ಏನು ಕೊರೆಯಲಿ ಎಂದು ಕೇಳಿದೆ.

"ಕತೆ ಗಿತೆ ಏನೂ ಬೇಡ ಅಣ್ಣ. ದಶಾವತಾರದ ಸೆಟ್ಟು ಇದೆಯಲ್ಲ, ಇಟ್ಬಿಡೋಣ. ಬಾಯಿಬಿಟ್ಟು ಜನಕ್ಕೆ ಹೇಳೋದು ಯಾಕೆ, ಆಮೇಲೆ ತಲೆ ತಗ್ಗಿಸೋದು ಯಾಕೆ."

"ಅಮ್ಮ, ಬಟ್ ದಟ್ಸ್ ಸೋ ಬೋರಿಂಗ್," ಎಂದಳು ಸೊಸೆ.

"ಬೋರಿಂಗೇ ಇರಲಿ."

ರಜೆಯ ದಿನ ರೈಲು ಹತ್ತಿ ಸ್ಯಾನ್ ಬ್ರೂನೋಗೆ ಹೋದೆ. ಅಲ್ಲಿಯ ಸ್ಟೇಷನ್ನಿನ ಹೊರಗೆ ಕಂಚಿನ ಇಬ್ಬರು ಹೆಣ್ಣುಮಕ್ಕಳಿದ್ದಾರೆ ಎಂದು ಸೊಸೆ ಹೇಳಿದ್ದಳು. ಇದ್ದರು. ಕೋಟು, ಕೋಟಿಗೆ ಕಟ್ಟಿದ ಚೀಟಿ. ನಾನು ಮೊದಲು ನೋಡಿದ್ದು ಚೀಟಿಯನ್ನು ಎಲ್ಲಿ ಕಟ್ಟಿದ್ದಾರೆ, ನಾನು ಸರಿಯಾಗಿ ಕಟ್ಟಿದ್ದೆನೇ ಎಂದು. ಆಮೇಲೆ ಮುಖ ನೋಡಿದೆ. ಶ್ರೀರಂಗಪಟ್ಟಣದ ಚಿತ್ರದಲ್ಲಿದ್ದ ಆ ಹುಡುಗರ ಮುಖ ಇಲ್ಲೂ ಇತ್ತು. ಜನ ಅವರ ಪಕ್ಕದಲ್ಲೇ ಫೋನು ನೋಡುತ್ತ ರೈಲಿಗೆ ಓಡುತ್ತಿದ್ದರು. ಯಾರ ಮೇಲೂ ನನಗೆ ಸಿಟ್ಟು ಬರಲಿಲ್ಲ. ಇವರನ್ನು ಬಯಲಲ್ಲಿ, ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸಿದವರು ಯಾರಿರಬಹುದು, ಅವರಿಗೆ ಹೆದರಿಕೆ ಆಗಿರಲಿಲ್ಲವೇ, ಆಗಿದ್ದರೂ ನಿಲ್ಲಿಸಿದರೇ ಎಂದು ಯೋಚಿಸುತ್ತ ಅಲ್ಲೇ ಬಹಳ ಹೊತ್ತು ಕೂತಿದ್ದೆ.

ಮನೆಗೆ ಬಂದು ಟೈರುಗಳನ್ನು ಸರಿಸಿ ಪೆಟ್ಟಿಗೆ ತೆಗೆದೆ. ಅಡುಗೆಮನೆಯ ಮೇಜಿನ ಮೇಲೆ, ತಂಗಿಯ ಮುಂದೆ ಇಟ್ಟೆ. ಅವಳು ಮುಚ್ಚಳ ತೆಗೆದಳು. ಹುಲ್ಲಿನ ಎಳೆ ಕೂಡ ಅಲುಗಾಡಿರಲಿಲ್ಲ.

"ಮುರೀತು ಅಂದ್ಯಲ್ಲ?"

"ಮುರೀಲಿಲ್ಲ."

"ಮತ್ತೆ ಆ ಮಗು?"

"ಅದು ಮುಟ್ಟಲೂ ಇಲ್ಲ."

"ಅವರಮ್ಮ ಮೈಸೂರುಪಾಕು ಕಳಿಸಿದ್ರಲ್ಲೋ!"

ಚಪ್ಪಲಿ ಗೂಡಿನ ಹತ್ತಿರ ನಡೆದ ಮಾತನ್ನೆಲ್ಲ ಹೇಳಿದೆ. ಪೆಟ್ಟಿಗೆ ಎಲ್ಲಿತ್ತು ಎಂದೂ ಹೇಳಿದೆ. ತಂಗಿ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಲಾಯದ ಬಾಗಿಲನ್ನೇ ನೋಡುತ್ತ, ದನಿ ಏರಿಸದೆ ಮಾತಾಡಿದಳು.

"ನನಗೊಂದು ಮಾತು ಹೇಳಿದ್ರೆ ನಾನೇ ತೆಗೆದಿಡ್ತಿದ್ದೆ ಅಣ್ಣ. ನೀನಿಲ್ಲಿಗೆ ಬರ್ಲಿ ಅಂತ ಅಷ್ಟು ವರ್ಷ ಕಾದೋಳು ನಾನು, ಗೊಂಬೆಗೋಸ್ಕರ ನಿನ್ನ ಕಳ್ಕೋತೀನಾ? ಅವರ ಮನೆಗೆ ಹೋಗಿ, ನಮಗೆ ಭಯ ಆಗಿದೆ ಅಂತ ಹೇಳ್ತಿದ್ದೆ. ಭಯ ಅಂದ್ರೆ ಏನೂಂತ ಅವರಿಗೆ ಅರ್ಥ ಆಗ್ತಿರ್ಲಿಲ್ವಾ?"

ಪೆಟ್ಟಿಗೆಯಿಂದ ಮೇಜಿನ ಮೇಲೆ ಉದುರಿದ್ದ ಧೂಳನ್ನು ನಾನು ಅಂಗೈಯಿಂದ ಒರೆಸಿದೆ.

"ಎತ್ಕೋ," ಎಂದಳು ಕೊನೆಗೆ. "ಅವರಿಗೆ ಹೇಳು. ನಾನು ಟ್ರಾನ್ಸ್‌ಲೇಟ್ ಮಾಡಲ್ಲ."

ಮಾಡುವುದಿಲ್ಲ ಎಂದವಳು ಜೊತೆಗೆ ಬಂದಳು. ಪೆಟ್ಟಿಗೆ ಹಿಡಿದ ನನಗೆ ಅಜ್ಜಿಯ ಮನೆಯ ಗೇಟನ್ನೂ ತೆಗೆದುಕೊಟ್ಟಳು. ಅಜ್ಜಿ ಮುಂದಿನ ಮೆಟ್ಟಿಲಲ್ಲಿ ಬಿಸಿಲು ಕಾಯುತ್ತಿದ್ದರು. ಪೆಟ್ಟಿಗೆಯನ್ನು ಅವರ ಪಕ್ಕದಲ್ಲಿ ಇಳಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಒಳಗೆ ಬಗ್ಗಿದರು. ಒಂದು ಬೆರಳಿನಿಂದ ಮೇಲಿನ ಅರ್ಧ ಬಾಗಿಲನ್ನು ತಳ್ಳಿದರು, ಅದು ತೆರೆದುಕೊಂಡಿತು. ಕೆಳಗಿನದನ್ನು ಮುಟ್ಟಲಿಲ್ಲ. ತಮ್ಮ ಅಣ್ಣನ ಗೊಂಬೆಯ ಕೋಟನ್ನು ಉಗುರಿನ ತುದಿಯಿಂದ ಸರಿಪಡಿಸಿದರು.

ಸಾರಿ ಎಂಬ ಮಾತನ್ನು ನಾನು ಅಂಗಡಿಯಲ್ಲಿ ದಿನವಿಡೀ ಹೇಳುತ್ತೇನೆ. ಗಾಡಿ ತಾಗಿದರೆ ಸಾರಿ, ಕರಿಬೇವು ಮುಗಿದಿದ್ದರೆ ಸಾರಿ. ಆ ಮಾತು ಇಲ್ಲಿಗೆ ಸಾಲದು ಎಂದು ದಾರಿಯಲ್ಲೇ ತೀರ್ಮಾನಿಸಿದ್ದೆ. ನಡೆದದ್ದನ್ನು ಮಾತ್ರ ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ.

"ನಾಟ್ ಬ್ರೋಕನ್. ದಟ್ ಬೇಬಿ, ನೋ ಟಚ್. ಐ ಹೈಡ್, ಅಂಡರ್ ಸ್ಟೆಪ್. ಐ ಅಫ್ರೇಡ್, ಫಾರ್ ಮೈ ಪೇಪರ್. ಯು ಕಮ್, ಯು ಸಿಟ್, ಐ ಗೋ ಇನ್‌ಸೈಡ್."

ಅಜ್ಜಿ ತಲೆಯೆತ್ತಿ ನನ್ನನ್ನು ನೋಡಿದರು. ತಂಗಿ ಗೇಟಿನ ಹತ್ತಿರವೇ ನಿಂತಿದ್ದಳು. ಇಬ್ಬರಿಗೂ ಕೇಳಿಸಲಿ ಎಂದು, ನಾನು ಮನೆಯ ಮಾತಿನಲ್ಲೇ, ಸ್ವಲ್ಪ ಗಟ್ಟಿಯಾಗಿ ಹೇಳಿದೆ.

"ತಪ್ಪಾಯ್ತು ಅಜ್ಜಿ. ಪುಟ್ಟಿ, ನಿನ್ನ ಮಾತು ನಾನು ಉಳಿಸ್ಲಿಲ್ಲ, ನಿನಗೆ ಸುಳ್ಳೂ ಹೇಳಿದೆ. ನನ್ನಿಂದ ತಪ್ಪಾಯ್ತು ಕಣಮ್ಮ."